ಮಲೆನಾಡಿನಲ್ಲಿ ಆಫ್‌ರೋಡ್ ಬೈಕ್ ಸ್ಪರ್ಧೆ ನಡೆಸುವ ಮುನ್ನ: ಸರ್ವೆ ನಂಬರಿನಿಂದ ಶುರು ಮಾಡಿ

ಮಳೆಗಾಲ ಹತ್ತಿರ ಬಂದರೆ ಸಕಲೇಶಪುರ, ಮೂಡಿಗೆರೆ, ಸೋಮವಾರಪೇಟೆ ಕಡೆಯ ಬೈಕ್ ಹುಡುಗರ ವಾಟ್ಸಾಪ್ ಗುಂಪುಗಳಲ್ಲಿ ಒಂದೇ ಮಾತು: ಈ ಸಲ ಕೆಸರಿಗೆ ಎಲ್ಲಿ ಇಳಿಯೋದು? ಯಾರದೋ ಪರಿಚಯದ ತೋಟ ಸಿಗುತ್ತದೆ, ತೋಟದ ಗೌಡರು ಒಪ್ಪುತ್ತಾರೆ, ಪೋಸ್ಟರ್ ತಯಾರಾಗುತ್ತದೆ. ಅನುಮತಿಯ ವಿಚಾರ ಬರುವುದು ಕೊನೆಯ ವಾರಕ್ಕೆ. ಅದೂ "ಠಾಣೆಗೊಂದು ಅರ್ಜಿ ಬರೆದು ಕೊಟ್ಟರೆ ಆಯ್ತಲ್ಲ" ಅನ್ನುವಷ್ಟಕ್ಕೆ. ಆಮೇಲೆ ಅರಣ್ಯ ಇಲಾಖೆಯ ಜೀಪು ಬಂದು ನಿಂತಾಗ ಎಲ್ಲರಿಗೂ ಆಶ್ಚರ್ಯ.

ಆಫ್‌ರೋಡ್ ಬೈಕ್ ಕ್ರೀಡೆಗೆಂದೇ ಬರೆದ ಪರಿಸರ ಕಾನೂನು ನಮ್ಮಲ್ಲಿಲ್ಲ. ಅರಣ್ಯ, ವನ್ಯಜೀವಿ, ಶಬ್ದ, ಮೋಟಾರು ವಾಹನ, ಕಂದಾಯ, ತ್ಯಾಜ್ಯ ಹೀಗೆ ಬೇರೆ ಬೇರೆ ಕಾಯ್ದೆಗಳಲ್ಲಿ ಇದಕ್ಕೆ ತಾಗುವ ನಿಯಮ ತುಂಡು ತುಂಡಾಗಿ ಹಂಚಿಹೋಗಿದೆ. ಇವುಗಳಲ್ಲಿ ಯಾವುದು ನಿಮ್ಮ ತಲೆಗೆ ಬರುತ್ತದೆ ಎಂದು ಹೇಳುವುದು ಚಕ್ರದ ಕೆಳಗಿನ ನೆಲ. ಆದ್ದರಿಂದ ಕೆಲಸ ಶುರುವಾಗಬೇಕಾದದ್ದು ಪಹಣಿಯಿಂದ.

ಇಪ್ಪತ್ತು ಮೂವತ್ತು ಬೈಕಿನ ಸ್ಪರ್ಧೆ ನಡೆಸಲು ಹೊರಟ ಸಣ್ಣ ಕ್ಲಬ್ಬುಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಬರೆದಿದ್ದೇನೆ. ಗೆಳೆಯರ ಜೊತೆ ಭಾನುವಾರ ಸುತ್ತಲು ಹೋಗುವವರಿಗೆ ಮೊದಲ ಮೂರು ಹೆಜ್ಜೆ ಸಾಕು.

ಹೆಜ್ಜೆ 1: ಇಡೀ ದಾರಿಯ ಸರ್ವೆ ನಂಬರ್ ಪಟ್ಟಿ ಮಾಡಿ

"ನಮ್ಮ ತೋಟವೇ, ಏನೂ ತೊಂದರೆ ಇಲ್ಲ" ಎಂದು ಗೌಡರು ಹೇಳುವುದು ಪ್ರಾಮಾಣಿಕವಾಗಿಯೇ. ಆದರೆ ಮಲೆನಾಡಿನ ಒಂದು ತೋಟವೆಂದರೆ ಒಂದೇ ಬಗೆಯ ನೆಲವಲ್ಲ. ಹಿಡುವಳಿಯ ಪಕ್ಕ ಒತ್ತುವರಿ ಇರುತ್ತದೆ, ನಡುವೆ ಹಳ್ಳ ಹಾದಿರುತ್ತದೆ, ಮೇಲ್ಭಾಗದಲ್ಲಿ ಗೋಮಾಳವೋ ಸೊಪ್ಪಿನ ಬೆಟ್ಟವೋ ಕಾನೋ ಸೇರಿಕೊಂಡಿರುತ್ತದೆ. ಕೊಡಗಿನಲ್ಲಾದರೆ ಬಾಣೆ (ಗದ್ದೆಗೆ ಸೇರಿದ ಕಾಡುನೆಲ), ಪೈಸಾರಿ (ಸರ್ಕಾರಿ ಪಾಳುನೆಲ), ದೇವರಕಾಡು. ಮೂರು ತಲೆಮಾರಿನಿಂದ ಓಡಾಡಿದ ದಾರಿಯಾದರೂ ದಾಖಲೆಯಲ್ಲಿ ಅದು ಬೇರೆಯವರದ್ದಾಗಿರಬಹುದು.

ಹೀಗೆ ಮಾಡಿ. ಟ್ರ್ಯಾಕ್ ಹಾಕಬೇಕೆಂದಿರುವ ದಾರಿಯನ್ನು ಬೈಕ್ ಬಿಟ್ಟು ಕಾಲ್ನಡಿಗೆಯಲ್ಲಿ ಸುತ್ತಿ. ಮೊಬೈಲಿನಲ್ಲಿ ದಿಶಾಂಕ್ ಆ್ಯಪ್ ತೆರೆದಿಟ್ಟುಕೊಳ್ಳಿ. ಕರ್ನಾಟಕ ರಾಜ್ಯ ದೂರ ಸಂವೇದಿ ಅನ್ವಯಿಕ ಕೇಂದ್ರ ರೂಪಿಸಿದ ಈ ಆ್ಯಪ್ ನೀವು ನಿಂತಿರುವ ಜಾಗದ ಸರ್ವೆ ನಂಬರನ್ನು ತೋರಿಸುತ್ತದೆ. ನಂಬರ್ ಬದಲಾದ ಕಡೆಯೆಲ್ಲ ನಿಂತು ಬರೆದುಕೊಳ್ಳಿ. ಗಡಿಯ ಹತ್ತಿರ ಜಿಪಿಎಸ್ ಕೆಲವು ಮೀಟರ್ ಆಚೀಚೆ ತೋರಿಸುತ್ತದೆ, ಮರದ ನೆರಳು ದಟ್ಟವಾಗಿದ್ದರೆ ಇನ್ನೂ ಹೆಚ್ಚು. ಹಾಗಾಗಿ ಗಡಿಗೆ ಒರಸಿಕೊಂಡು ಹೋಗುವ ಟ್ರ್ಯಾಕ್ ಬೇಡ, ಒಳಕ್ಕೆ ಎಳೆದುಕೊಳ್ಳಿ.

ಆಮೇಲೆ ಭೂಮಿ ತಂತ್ರಾಂಶದಿಂದ ಪ್ರತಿ ನಂಬರಿನ ಪಹಣಿ ತೆಗೆಯಿರಿ. ಒಂಬತ್ತನೇ ಕಲಂನಲ್ಲಿ ಯಾರ ಹೆಸರಿದೆ ಎಂದು ಎಲ್ಲರೂ ನೋಡುತ್ತಾರೆ. ಮೂರನೇ ಕಲಂ ನೋಡುವವರು ಕಡಿಮೆ, ನಮಗೆ ಬೇಕಾದ್ದು ಅಲ್ಲಿದೆ. ಖರಾಬು ಎಂದರೆ ಸಾಗುವಳಿಗೆ ಬಾರದ ನೆಲ. ಒಟ್ಟು ವಿಸ್ತೀರ್ಣದಲ್ಲಿ 'ಎ' ಖರಾಬು ಎಷ್ಟು, 'ಬಿ' ಖರಾಬು ಎಷ್ಟು ಎಂದು ಅಲ್ಲಿ ಬರೆದಿರುತ್ತದೆ. 'ಬಿ' ಖರಾಬು ಎಂದರೆ ಹಳ್ಳ, ಓಣಿ, ದಾರಿ, ಸ್ಮಶಾನದಂಥ ಸಾರ್ವಜನಿಕ ನೆಲ. ತೋಟದ ನಡುವೆಯೇ ಇದ್ದರೂ ಅದನ್ನು ನಿಮಗೆ ಬಿಟ್ಟುಕೊಡುವ ಹಕ್ಕು ತೋಟದವರಿಗಿಲ್ಲ. ಹನ್ನೊಂದನೇ ಕಲಂನಲ್ಲಿ ಸಾಲ, ತಕರಾರು, ಸರ್ಕಾರದ ಷರತ್ತು ಏನಾದರೂ ಇದೆಯೇ ಎಂದೂ ನೋಡಿ.

ಇಷ್ಟಕ್ಕೇ ಮುಗಿಯಲಿಲ್ಲ. ಕರ್ನಾಟಕ ಅರಣ್ಯ ಕಾಯ್ದೆ, 1963ರ ಸೆಕ್ಷನ್ 4ರಡಿ ಮೀಸಲು ಅರಣ್ಯವೆಂದು ಪ್ರಸ್ತಾಪವಾಗಿ, ಸೆಕ್ಷನ್ 17ರ ಅಂತಿಮ ಅಧಿಸೂಚನೆಗೆ ಕಾಯುತ್ತ ದಶಕಗಳಿಂದ ನಿಂತಿರುವ ಜಮೀನು ನಮ್ಮ ಕಡೆ ಬೇಕಾದಷ್ಟಿದೆ. "ಅದು ಸೆಕ್ಷನ್ ಫೋರ್ ಆಗಿದೆ ಮಾರಾಯ್ರೆ" ಅನ್ನುವ ಮಾತು ಮಲೆನಾಡಿನ ಯಾವ ತಾಲ್ಲೂಕು ಕಚೇರಿಯ ಮುಂದೆ ನಿಂತರೂ ಕಿವಿಗೆ ಬೀಳುತ್ತದೆ. ಪಹಣಿಯಲ್ಲಿ ಅದು ಕಾಣದಿರಬಹುದು. ಇದರ ಜೊತೆಗೆ ಡೀಮ್ಡ್ ಅರಣ್ಯ. 1996ರ ಗೋದಾವರ್ಮನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಒಡೆತನ ಯಾರದ್ದೇ ಇರಲಿ, ನಿಘಂಟಿನ ಅರ್ಥದಲ್ಲಿ ಕಾಡಾಗಿದ್ದರೆ ಅದು ಕಾಡೇ ಎಂದಿತು. ರಾಜ್ಯ ಸರ್ಕಾರ 2022ರಲ್ಲಿ ಡೀಮ್ಡ್ ಅರಣ್ಯದ ಪಟ್ಟಿಯನ್ನು ಪರಿಷ್ಕರಿಸಿ ಸುಮಾರು 3.3 ಲಕ್ಷ ಹೆಕ್ಟೇರಿಗೆ ಇಳಿಸಿದೆ. ನಿಮ್ಮ ಸರ್ವೆ ನಂಬರು ಆ ಪಟ್ಟಿಯಲ್ಲಿದೆಯೇ ಎಂದು ವಲಯ ಅರಣ್ಯಾಧಿಕಾರಿಯ (ಆರ್‌ಎಫ್‌ಒ) ಕಚೇರಿಗೆ ಲಿಖಿತ ಅರ್ಜಿ ಕೊಟ್ಟು ಕೇಳಿ. ಬಾಯಿಮಾತಿನ ಉತ್ತರಕ್ಕೆ ಬೆಲೆಯಿಲ್ಲ. "ಹೋಗ್ರಪ್ಪ, ಏನೂ ಆಗಲ್ಲ" ಎಂದ ಗಾರ್ಡ್ ಮುಂದಿನ ತಿಂಗಳು ವರ್ಗವಾಗಿ ಹೋಗಿರುತ್ತಾರೆ.

ತೊಂದರೆಯಾಗುವುದು ಹೆಚ್ಚಾಗಿ ತೋಟದೊಳಗೆ ಅಲ್ಲ. ಈ ತೋಟಕ್ಕೂ ಆ ತೋಟಕ್ಕೂ ನಡುವೆ ಇರುವ ಇನ್ನೂರು ಮುನ್ನೂರು ಮೀಟರ್ ಕೊಂಡಿಯಲ್ಲಿ. ಹಳೆಯ ಎತ್ತಿನಗಾಡಿ ದಾರಿ, ಹಾಡಿ, ಹಳ್ಳದ ಏರಿ, ಮೋಜಿನ ತುಂಡು ಕೂಡ ಸಾಮಾನ್ಯವಾಗಿ ಅದೇ. ಅದು ಯಾರದ್ದೆಂದು ದಾಖಲೆ ಸಿಗದಿದ್ದರೆ ಟ್ರ್ಯಾಕಿನಿಂದ ಕಿತ್ತುಹಾಕಿ. ಒಂದೇ ತೋಟದೊಳಗೆ ಮೂರು ಸುತ್ತು ಹೊಡೆಸಿದರೂ ಸ್ಪರ್ಧೆ ಸ್ಪರ್ಧೆಯೇ.

ಹೆಜ್ಜೆ 2: ಕಾಡು ಸಿಕ್ಕಿದರೆ ಅಲ್ಲಿಗೇ ನಿಲ್ಲಿಸಿ

ಅಭಯಾರಣ್ಯ ಮತ್ತು ರಾಷ್ಟ್ರೀಯ ಉದ್ಯಾನದ ವಿಷಯ ಸರಳ. ವನ್ಯಜೀವಿ (ಸಂರಕ್ಷಣಾ) ಕಾಯ್ದೆ, 1972ರ ಸೆಕ್ಷನ್ 27 ಪ್ರಕಾರ ಪರವಾನಗಿ ಇಲ್ಲದೆ ಒಳಗೆ ಹೋಗುವಂತಿಲ್ಲ. ಹಾದುಹೋಗುವ ಸಾರ್ವಜನಿಕ ಹೆದ್ದಾರಿಯಲ್ಲಿ ಸಾಗುವವರು, ಒಳಗೆ ಸ್ವಂತ ಆಸ್ತಿ ಇರುವವರು ಮುಂತಾದವರಿಗೆ ಮಾತ್ರ ವಿನಾಯಿತಿ. ಪರವಾನಗಿ ಯಾವ ಕಾರಣಕ್ಕೆ ಕೊಡಬಹುದು ಎಂಬ ಪಟ್ಟಿ ಸೆಕ್ಷನ್ 28ರಲ್ಲಿದೆ: ವನ್ಯಜೀವಿ ಅಧ್ಯಯನ, ಛಾಯಾಗ್ರಹಣ, ಸಂಶೋಧನೆ, ಪ್ರವಾಸ, ಒಳಗಿನ ನಿವಾಸಿಗಳೊಂದಿಗೆ ಕಾನೂನುಬದ್ಧ ವ್ಯವಹಾರ. 2022ರ ತಿದ್ದುಪಡಿ ಚಲನಚಿತ್ರ ಚಿತ್ರೀಕರಣವನ್ನೂ ಷರತ್ತಿನೊಂದಿಗೆ ಸೇರಿಸಿತು. ರೇಸು ಆ ಪಟ್ಟಿಯಲ್ಲಿಲ್ಲ. ಹಾಗಾಗಿ ಪುಷ್ಪಗಿರಿ, ಬ್ರಹ್ಮಗಿರಿ, ಸೋಮೇಶ್ವರ, ಕುದುರೆಮುಖದಂಥ ಕಡೆ ಅರ್ಜಿ ಹಾಕುವುದೇ ಸಮಯ ದಂಡ. ಈ ಕಾಯ್ದೆಯಡಿ ಸಾಮಾನ್ಯ ಉಲ್ಲಂಘನೆಗೆ 3 ವರ್ಷದವರೆಗೆ ಜೈಲು, ಇಲ್ಲವೇ 1 ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಬೈಕು ಜಪ್ತಿಯಾದರೆ ಬಿಡಿಸಿಕೊಳ್ಳಲು ಕೋರ್ಟು ಅಲೆಯಬೇಕು.

ಮೀಸಲು ಅರಣ್ಯದಲ್ಲಿ ಕರ್ನಾಟಕ ಅರಣ್ಯ ಕಾಯ್ದೆಯ ಸೆಕ್ಷನ್ 24 ಅತಿಕ್ರಮ ಪ್ರವೇಶವನ್ನು ನಿಷೇಧಿಸುತ್ತದೆ. "ಡಿಎಫ್‌ಒ ಸಾಹೇಬರು ಪರಿಚಯ, ಒಂದು ದಿನಕ್ಕೆ ಬಿಡ್ತಾರೆ" ಅನ್ನುವವರು ನೆನಪಿಡಬೇಕಾದ ಮಾತು ಇನ್ನೊಂದಿದೆ. 1980ರ ಅರಣ್ಯ ಸಂರಕ್ಷಣಾ ಕಾಯ್ದೆ (2023ರ ತಿದ್ದುಪಡಿಯ ನಂತರ ಅದರ ಹೆಸರು ವನ ಸಂರಕ್ಷಣ ಏವಂ ಸಂವರ್ಧನ ಅಧಿನಿಯಮ) ಪ್ರಕಾರ ಅರಣ್ಯ ಭೂಮಿಯನ್ನು ಅರಣ್ಯೇತರ ಕೆಲಸಕ್ಕೆ ಬಿಡಲು ಕೇಂದ್ರದ ಪೂರ್ವಾನುಮತಿ ಬೇಕು. ಒಬ್ಬ ಅಧಿಕಾರಿಯ ಸ್ನೇಹದಿಂದ ಆಗುವ ಕೆಲಸ ಇದಲ್ಲ.

ಇಷ್ಟು ಬಿಗಿ ಯಾಕೆ ಎಂದು ಗೊಣಗುವವರು ಒಂದು ಸಲ ಶೋಲಾ ಕಾಡಿನ ಪಕ್ಕದ ಬೆಟ್ಟದ ಹುಲ್ಲುಗಾವಲಿನ ಮೇಲೆ ಬೈಕು ಹತ್ತಿಸಿದ ಜಾಗವನ್ನು ಮಳೆಗಾಲದ ಕೊನೆಗೆ ಹೋಗಿ ನೋಡಬೇಕು. ಹುಲ್ಲಿನ ಬೇರು ಹಿಡಿದಿಟ್ಟ ಮಣ್ಣಿನ ಪದರ ಅಲ್ಲಿ ತೆಳು. ದಪ್ಪ ಹಲ್ಲಿನ ಆಫ್‌ರೋಡ್ ಟೈರು ಆ ಬೇರನ್ನು ಹರಿದರೆ ಚಕ್ರದ ಗೆರೆಯೇ ನೀರಿನ ಕಾಲುವೆಯಾಗುತ್ತದೆ, ಒಂದೇ ಮಳೆಗಾಲದಲ್ಲಿ ಮೊಣಕಾಲುದ್ದ ಕೊರೆದು ಕೆಳಗಿನ ಜಂಬಿಟ್ಟಿಗೆ ತಲುಪುತ್ತದೆ. ಮುಂದಿನ ವರ್ಷ ಬಂದವರು ಆ ಕೊರಕಲು ತಪ್ಪಿಸಲು ಪಕ್ಕದಲ್ಲಿ ಹತ್ತಿಸುತ್ತಾರೆ, ಎರಡನೇ ಗೆರೆ ಶುರು. 2012ರಲ್ಲಿ ಪಶ್ಚಿಮ ಘಟ್ಟದ 39 ತಾಣಗಳು ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದಾಗ ಅದರಲ್ಲಿ 10 ಕರ್ನಾಟಕದವು. ಹುಡುಗರು ರೀಲ್ಸ್‌ಗೆಂದು ಹತ್ತಿಸಲು ಹಂಬಲಿಸುವ ಬೆಟ್ಟಗಳು ಬಹುಪಾಲು ಅವುಗಳ ಆಸುಪಾಸಿನವೇ.

ಅಭಯಾರಣ್ಯದ ಹೊರಗಿದ್ದರೂ ಪರಿಸರ ಸೂಕ್ಷ್ಮ ವಲಯದ ಒಳಗಿರಬಹುದು. ಆ ವಲಯವನ್ನು ಪರಿಸರ (ಸಂರಕ್ಷಣಾ) ಕಾಯ್ದೆ, 1986ರಡಿ ಕೇಂದ್ರ ಸರ್ಕಾರ ಪ್ರತಿ ಅಭಯಾರಣ್ಯಕ್ಕೂ ಬೇರೆಬೇರೆಯಾಗಿ ಅಧಿಸೂಚಿಸುತ್ತದೆ. ಅಧಿಸೂಚನೆಯ ಅನುಬಂಧದಲ್ಲಿ ಹಳ್ಳಿಗಳ ಹೆಸರಿನ ಪಟ್ಟಿ ಇರುತ್ತದೆ. ನಿಮ್ಮ ಊರು ಅದರಲ್ಲಿದ್ದರೆ ಕಾರ್ಯಕ್ರಮ ಮಾಡಲೇಬಾರದು ಎಂದೇನಿಲ್ಲ. ಯಾವುದು ನಿಷೇಧ, ಯಾವುದು ನಿಯಂತ್ರಿತ ಎಂಬ ಕೋಷ್ಟಕ ಓದಿಕೊಂಡು ಅರ್ಜಿ ಬರೆಯಬೇಕು.

ಹೆಜ್ಜೆ 3: ಬೈಕು ತೋಟದ ಗೇಟಿನವರೆಗೆ ಹೇಗೆ ಬರುತ್ತದೆ?

ಕವಾಸಾಕಿ ಕೆಎಕ್ಸ್, ಕೆಟಿಎಂ ಎಸ್‌ಎಕ್ಸ್ ಮಾದರಿಯ ಮೋಟೋಕ್ರಾಸ್ ಬೈಕುಗಳಿಗೆ ನೋಂದಣಿ ಇರುವುದಿಲ್ಲ. ಅವುಗಳನ್ನು ಪಿಕಪ್ಪಿನಲ್ಲಿ ಹೇರಿಕೊಂಡೇ ಬರಬೇಕು. ಪಂಚಾಯಿತಿ ರಸ್ತೆ ದಾಟುವ ಐವತ್ತು ಮೀಟರಿಗೂ ಇದೇ ನಿಯಮ. ತಳ್ಳಿಕೊಂಡು ದಾಟಿಸಿ. ಎಕ್ಸ್‌ಪಲ್ಸ್, ಹಿಮಾಲಯನ್‌ನಂಥ ನೋಂದಣಿಯಾದ ಗಾಡಿಗಳು ರಸ್ತೆಯಲ್ಲಿ ಬರಬಹುದು, ಆದರೆ ಕಂಪನಿಯ ಸೈಲೆನ್ಸರ್ ಕಳಚಿ ಬೇರೆ ಕೊಳವೆ ಹಾಕಿದ್ದರೆ ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 190(2) ಅಡಿ ಮೊದಲ ಸಲಕ್ಕೇ 10,000 ರೂಪಾಯಿವರೆಗೆ ದಂಡ ಬೀಳಬಹುದು.

ಸಾರ್ವಜನಿಕ ಸ್ಥಳದಲ್ಲಿ ರೇಸು ಮಾತ್ರವಲ್ಲ, ವೇಗದ ಪರೀಕ್ಷೆಗೂ ರಾಜ್ಯ ಸರ್ಕಾರದ ಲಿಖಿತ ಒಪ್ಪಿಗೆ ಬೇಕೆಂದು ಸೆಕ್ಷನ್ 189 ಹೇಳುತ್ತದೆ. "ನಾವು ಒಟ್ಟಿಗೆ ಬಿಡಲ್ಲ, ಒಬ್ಬೊಬ್ಬರನ್ನೇ ಬಿಟ್ಟು ಟೈಮ್ ನೋಡ್ತೀವಿ" ಅನ್ನುವ ಜಾಣತನ ಇಲ್ಲಿ ನಡೆಯುವುದಿಲ್ಲ. ಶಿಕ್ಷೆ 3 ತಿಂಗಳವರೆಗೆ ಜೈಲು, ಅಥವಾ 5,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ನಡೆಸಿದವರಿಗೂ ಓಡಿಸಿದವರಿಗೂ ಒಂದೇ. ಚಿಕ್ಕಮಗಳೂರಿನ ರ‍್ಯಾಲಿಗಳು ಕಾಫಿ ತೋಟಗಳ ಖಾಸಗಿ ಮಣ್ಣು ರಸ್ತೆಗಳನ್ನು ಹುಡುಕಿಕೊಂಡು ಹೋಗುವುದಕ್ಕೆ ಒಂದು ಕಾರಣ ಇದೂ ಹೌದು.

ಹೆಜ್ಜೆ 4: ಶಬ್ದದ ಲೆಕ್ಕ

ಮಣ್ಣಿನ ಹಾನಿ ನೋಡಿ ದೂರು ಕೊಡುವವರು ಅಪರೂಪ. ಊರಿನವರನ್ನು ಕೆರಳಿಸುವುದು ಸದ್ದು. ಶಬ್ದ ಮಾಲಿನ್ಯ ನಿಯಮಗಳು, 2000ದ ಪ್ರಕಾರ ವಸತಿ ಪ್ರದೇಶದಲ್ಲಿ ಹಗಲು (ಬೆಳಿಗ್ಗೆ 6ರಿಂದ ರಾತ್ರಿ 10) 55 ಡೆಸಿಬೆಲ್, ರಾತ್ರಿ 45. ಆಸ್ಪತ್ರೆ, ಶಾಲೆ, ನ್ಯಾಯಾಲಯದ ಸುತ್ತ 100 ಮೀಟರಿನ ನಿಶ್ಶಬ್ದ ವಲಯದಲ್ಲಿ ಹಗಲು 50, ರಾತ್ರಿ 40. ಇವು ಒಂದು ಅವಧಿಯ ಸರಾಸರಿ ಅಂಕಿಗಳು, ಒಂದು ಕ್ಷಣದ ಅಬ್ಬರವಲ್ಲ. ಆದರೆ ಸ್ಪರ್ಧೆ ಬೆಳಿಗ್ಗೆಯಿಂದ ಸಂಜೆಯವರೆಗೆ ನಡೆದರೆ ಸರಾಸರಿಯೂ ಏರಿಯೇ ಇರುತ್ತದೆ.

ಮನೆಗಳಿಂದ ಎಷ್ಟು ದೂರ ಇರಬೇಕು? ಅಂದಾಜು ಹಾಕುವುದು ಕಷ್ಟವಲ್ಲ. ಬಯಲಿನಲ್ಲಿ ದೂರ ಎರಡು ಪಟ್ಟಾದಂತೆ ಸದ್ದು ಸುಮಾರು 6 ಡೆಸಿಬೆಲ್ ಇಳಿಯುತ್ತದೆ. ಸೈಲೆನ್ಸರಿನಿಂದ ಅರ್ಧ ಮೀಟರಿನಲ್ಲಿ 96 ಡೆಸಿಬೆಲ್ ತೋರಿಸುವ ಬೈಕು ಒಂದು ಮೀಟರಿನಲ್ಲಿ 90, ಎರಡರಲ್ಲಿ 84, ಹೀಗೆ ಇಳಿಯುತ್ತ 64 ಮೀಟರಿನಲ್ಲಿ 54ಕ್ಕೆ ಬರುತ್ತದೆ. ಅದು ಒಂದೇ ಬೈಕು. ಹತ್ತು ಬೈಕು ಒಟ್ಟಿಗೆ ಕೂಗಿದರೆ 10 ಡೆಸಿಬೆಲ್ ಸೇರುತ್ತದೆ, ಆಗ ಅದೇ 54ಕ್ಕೆ ಇಳಿಯಲು 200 ಮೀಟರ್ ಬೇಕು. ಪೂರ್ತಿ ಥ್ರಾಟಲ್ ತಿರುವಿದಾಗ ಸದ್ದು ನಿಂತಲ್ಲಿ ಅಳೆದದ್ದಕ್ಕಿಂತ ಹೆಚ್ಚು, ಜೊತೆಗೆ ಕಣಿವೆಯ ಮಾರ್ದನಿ. ತಂಪಾದ ಬೆಳಗಿನ ಹೊತ್ತಲ್ಲಿ ಕಣಿವೆಯಲ್ಲಿ ಸದ್ದು ಇನ್ನೂ ದೂರ ಹರಿಯುತ್ತದೆ. ನನ್ನ ಸಲಹೆ: ಹತ್ತಿರದ ಮನೆ, ಲೈನ್ ಮನೆಯಿಂದ ಕನಿಷ್ಠ 500 ಮೀಟರ್, ಮೊದಲ ಎಂಜಿನ್ ಬೆಳಿಗ್ಗೆ 9ರ ಮೇಲೆ. ತೋಟದ ಕಾರ್ಮಿಕರ ಲೈನ್ ಮನೆಗಳನ್ನು ಈ ಲೆಕ್ಕದಿಂದ ಬಿಟ್ಟುಬಿಡುವ ಚಾಳಿ ನಮ್ಮಲ್ಲಿದೆ. ಅವೂ ವಸತಿಯೇ.

ಪರಿಶೀಲನೆ ದಿನ ಪ್ರತಿ ಬೈಕನ್ನೂ ಅಳೆಯಿರಿ. ಸೈಲೆನ್ಸರಿನ ಬಾಯಿಯಿಂದ ಅರ್ಧ ಮೀಟರ್ ದೂರ, ಬಾಯಿಯಷ್ಟೇ ಎತ್ತರ, 45 ಡಿಗ್ರಿ ಓರೆಯಲ್ಲಿ ಶಬ್ದ ಅಳೆಯುವ ಮೀಟರ್ ಹಿಡಿದು, ಎಂಜಿನ್ನನ್ನು ಸ್ಥಿರವಾದ ಮಧ್ಯಮ ಆರ್‌ಪಿಎಂನಲ್ಲಿ ಹಿಡಿದು ಓದಬೇಕು. ಮೊಬೈಲ್ ಆ್ಯಪ್ ಜಗಳಕ್ಕೆ ದಾರಿ, ಮೀಟರನ್ನು ಬಾಡಿಗೆಗೆ ತನ್ನಿ. ಮಿತಿ 96 ಎಂದು ಪ್ರವೇಶಪತ್ರದಲ್ಲೇ ಅಚ್ಚು ಹಾಕಿಸಿ. ಡಿಬಿ ಕಿಲ್ಲರ್ (ಸೈಲೆನ್ಸರಿನ ಸದ್ದು ತಗ್ಗಿಸುವ ತುಂಡು) ಕಿತ್ತು ಬಂದವನನ್ನು ವಾಪಸ್ ಕಳಿಸುವ ಧೈರ್ಯ ಇಲ್ಲದಿದ್ದರೆ ಮಿತಿ ಹಾಕುವುದೇ ಬೇಡ. ಮೈಕಿಗೆ ಪೊಲೀಸರ ಪ್ರತ್ಯೇಕ ಅನುಮತಿ ಬೇಕು. ಸಣ್ಣ ಸ್ಪರ್ಧೆಗೆ ಡಿಜೆ ಯಾಕೆ ಎಂಬುದು ನನಗೆ ಇನ್ನೂ ಅರ್ಥವಾಗಿಲ್ಲ.

ಹೆಜ್ಜೆ 5: ದಿನ ಗೊತ್ತುಮಾಡುವುದು

ಜೂನ್‌ನಿಂದ ಸೆಪ್ಟೆಂಬರ್: ಎಲ್ಲರಿಗೂ ಕೆಸರು ಬೇಕು, ನೆಲಕ್ಕೆ ಅತಿ ಕೆಟ್ಟ ಕಾಲ ಅದೇ. ನೀರು ಕುಡಿದ ಮಣ್ಣನ್ನು ಟೈರು ಅಗೆದಷ್ಟೂ ಹಳ್ಳಕ್ಕೆ ಹೋಗುತ್ತದೆ. ಹಳ್ಳದಲ್ಲಿ ಕಪ್ಪೆಗಳು ಮೊಟ್ಟೆಯಿಡುವ ಕಾಲವೂ ಅದೇ. ನವೆಂಬರ್‌ನಿಂದ ಅರೇಬಿಕಾ ಕುಯ್ಲು, ಆಮೇಲೆ ರೊಬಸ್ಟಾ. ಫೆಬ್ರವರಿಯಿಂದ ಹೂಮಳೆಯ ನಿರೀಕ್ಷೆ. ಕಾಫಿ ಹೂವಾದಾಗ ತೋಟದೊಳಗೆ ದೂಳೆಬ್ಬಿಸಿದರೆ ಯಾವ ಬೆಳೆಗಾರರೂ ಎರಡನೇ ಸಲ ಕರೆಯುವುದಿಲ್ಲ. ಜನವರಿಯಿಂದ ಮೇವರೆಗೆ ಬೆಂಕಿಯ ಭಯ. ಒಣ ಹುಲ್ಲಿಗೆ ಕಾದ ಸೈಲೆನ್ಸರ್ ತಾಗಿದರೆ ಸಾಕು, ಕಿಡಿ ತಡೆಯುವ ಜಾಲರಿ ಇಲ್ಲದ ಬೈಕಿಗೆ ಆ ತಿಂಗಳುಗಳಲ್ಲಿ ಪ್ರವೇಶ ಕೊಡಬೇಡಿ.

ಕಳೆದು ಉಳಿಯುವುದು ಮಳೆ ಬಿಟ್ಟ ಮೇಲೆ ಕುಯ್ಲು ಏರುವ ಮೊದಲಿನ ಕೆಲವು ವಾರ, ಹೆಚ್ಚುಕಡಿಮೆ ಅಕ್ಟೋಬರ್. ಮಣ್ಣಿನಲ್ಲಿ ಪಸೆ ಇರುತ್ತದೆ, ದೂಳಿಲ್ಲ, ಹಳ್ಳದ ಸೆಳೆತ ಇಳಿದಿರುತ್ತದೆ. ಹಿಂದಿನ ಎರಡು ದಿನ ಜಡಿ ಮಳೆ ಬಂದರೆ ಮುಂದೂಡುತ್ತೇವೆ ಎಂದು ನೋಂದಣಿ ಅರ್ಜಿಯಲ್ಲೇ ಬರೆದಿಡಿ. ಇಲ್ಲದಿದ್ದರೆ ಬೆಂಗಳೂರಿನಿಂದ ಗಾಡಿ ಹೇರಿಕೊಂಡು ಬಂದವರ ಒತ್ತಡಕ್ಕೆ ಮಣಿಯಬೇಕಾಗುತ್ತದೆ.

ಸಕಲೇಶಪುರ, ಆಲೂರು, ಬೇಲೂರು, ಕೊಡಗಿನಲ್ಲಿ ಆನೆ ಇಂದು ಯಾವ ತೋಟದಲ್ಲಿದೆ ಎಂಬುದೂ ದಿನಾಂಕದಷ್ಟೇ ಮುಖ್ಯ. ಅರಣ್ಯ ಇಲಾಖೆಯ ಆನೆ ಕಾರ್ಯಪಡೆಯವರಿಗೆ ಹಿಂದಿನ ಸಂಜೆ ಮತ್ತು ಅಂದು ಬೆಳಿಗ್ಗೆ ಫೋನ್ ಮಾಡಿ. ಹಿಂಡು ಪಕ್ಕದ ತೋಟದಲ್ಲಿದ್ದರೆ ಸ್ಪರ್ಧೆ ಇಲ್ಲ, ಚರ್ಚೆಯೂ ಇಲ್ಲ. ಸದ್ದಿಗೆ ಬೆದರಿದ ಹಿಂಡು ನುಗ್ಗುವುದು ಪಕ್ಕದ ಬಡವನ ಗದ್ದೆಗೆ.

ಹೆಜ್ಜೆ 6: ಟ್ರ್ಯಾಕ್ ಎಳೆಯುವಾಗ

ಇರುವ ತೋಟದ ರಸ್ತೆಗಳನ್ನೇ ಬಳಸಿ, ಹೊಸದಾಗಿ ಜೆಸಿಬಿ ಇಳಿಸಬೇಡಿ. ಇಳಿಜಾರಿಗೆ ನೇರ ಏರುವ ದಾರಿಗಿಂತ ಅಡ್ಡ ಸಾಗುವ ದಾರಿ ವಾಸಿ. ಕಡಿದಾದ ಕಡೆ ನೀರು ಪಕ್ಕಕ್ಕೆ ತಿರುಗಲು ಅಡ್ಡಚರಂಡಿ ಇರಲಿ. ಕಾಫಿ ತೋಟದ ತೊಟ್ಟಿಲು ಗುಂಡಿಗಳು ಮಳೆನೀರು ಇಂಗಿಸಲು ತೋಡಿದವು, ಅವುಗಳ ಮೇಲೆ ಹಾರಿಸುವ ಆಟ ಬೇಡ. ಮರ ಅಡ್ಡ ಬಂದರೆ ದಾರಿ ಬದಲಿಸಿ. ಖಾಸಗಿ ಜಮೀನಿನಲ್ಲೂ ಅನೇಕ ಜಾತಿಯ ಮರ ಕಡಿಯಲು 1976ರ ಮರ ಸಂರಕ್ಷಣಾ ಕಾಯ್ದೆಯಡಿ ಅನುಮತಿ ಬೇಕು. ವರ್ಷವಿಡೀ ನಡೆಯುವ ಕಾಯಂ ಟ್ರ್ಯಾಕ್ ಮಾಡುವುದಾದರೆ ಭೂ ಕಂದಾಯ ಕಾಯ್ದೆಯ ಸೆಕ್ಷನ್ 95ರ ಭೂ ಪರಿವರ್ತನೆ ಬೇರೆಯೇ ಕಥೆ.

ಹರಿಯುವ ಹಳ್ಳದಲ್ಲಿ ಬೈಕು ಇಳಿಸುವ ಭಾಗವನ್ನು ನಾನಾದರೆ ಪೂರ್ತಿ ತೆಗೆಯುತ್ತೇನೆ. ಫೋಟೊ ಚೆನ್ನಾಗಿ ಬರುತ್ತದೆ ನಿಜ. ಆದರೆ ಕೆಳಗಿನ ಊರಿನವರು ಅದೇ ನೀರು ಕುಡಿಯುತ್ತಾರೆ, ಚೈನಿನ ಎಣ್ಣೆ, ಗ್ರೀಸು ಎಲ್ಲ ಅಲ್ಲೇ ತೊಳೆದುಹೋಗುತ್ತದೆ. ದಾಟಲೇಬೇಕಾದರೆ ಹಲಗೆ ಸೇತುವೆ ಹಾಕಿ.

ಯಾರೂ ಗಮನಿಸದ ಇನ್ನೊಂದು ವಿಷಯ ಟೈರಿಗೆ ಅಂಟಿಬರುವ ಮಣ್ಣು. ಕಾಳುಮೆಣಸಿನ ಶೀಘ್ರ ಸೊರಗು ರೋಗದ, ಶಿಲೀಂಧ್ರದಂಥ ರೋಗಾಣು ಮಣ್ಣಿನಲ್ಲಿ ಬದುಕುತ್ತದೆ. ರೋಗ ಬಂದ ತೋಟದಲ್ಲಿ ಓಡಿ, ತೊಳೆಯದ ಟೈರು, ಬೂಟಿನಲ್ಲಿ ಮುಂದಿನ ವಾರ ಇನ್ನೊಂದು ತೋಟಕ್ಕೆ ಹೋದರೆ ರೋಗವನ್ನೂ ಹೊತ್ತೊಯ್ದಂತೆ. ಲಂಟಾನ, ಕಮ್ಯುನಿಸ್ಟ್ ಗಿಡದಂಥ ಕಳೆಗಳ ಬೀಜಗಳೂ ಹೀಗೆಯೇ ಪಯಣಿಸುತ್ತವೆ. ಗೇಟಿನ ಬಳಿ ಗಟ್ಟಿ ನೆಲದ ಮೇಲೆ ಒಂದು ತೊಳೆಯುವ ಜಾಗ ಮಾಡಿ, ಬರುವಾಗಲೂ ಹೋಗುವಾಗಲೂ ಟೈರು ತೊಳೆಸಿ. ಆ ನೀರು ಹಳ್ಳಕ್ಕೆ ಹೋಗದೆ ಇಂಗುಗುಂಡಿಗೆ ಇಳಿಯಲಿ. ಕಾನೂನಿಗಿಂತ ಹೆಚ್ಚಾಗಿ ಈ ಒಂದು ವ್ಯವಸ್ಥೆ ನೋಡಿ ಬೆಳೆಗಾರರು ನಿಮ್ಮನ್ನು ನಂಬುತ್ತಾರೆ.

ಹೆಜ್ಜೆ 7: ಪಿಟ್‌ನಲ್ಲಿ ಚಾಪೆ

ಅಂತರರಾಷ್ಟ್ರೀಯ ಮೋಟಾರ್‌ಸೈಕಲ್ ಒಕ್ಕೂಟ ಎಫ್‌ಐಎಂಗೆ ತನ್ನದೇ ಪರಿಸರ ಸಂಹಿತೆ ಇದೆ. ಅದರಲ್ಲಿ ನಮಗೆ ತಕ್ಷಣ ಉಪಯೋಗಕ್ಕೆ ಬರುವುದು ಪರಿಸರ ಚಾಪೆ. ಪಿಟ್‌ನಲ್ಲಿ ಪೆಟ್ರೋಲ್ ತುಂಬುವಾಗ, ರಿಪೇರಿ ಮಾಡುವಾಗ ಬೈಕು ಅದರ ಮೇಲೆಯೇ ನಿಲ್ಲಬೇಕು. ಕನಿಷ್ಠ 160 ಸೆಂ.ಮೀ. ಉದ್ದ, 100 ಸೆಂ.ಮೀ. ಅಗಲ, ಮೇಲಿನ ಪದರ ಕನಿಷ್ಠ 1 ಲೀಟರ್ ದ್ರವ ಹೀರಬೇಕು, ಕೆಳಗಿನ ಪದರದಿಂದ ಸೋರಬಾರದು. ಕಂಪನಿ ಚಾಪೆ ದುಬಾರಿ ಎನಿಸಿದರೆ ದಪ್ಪ ಟಾರ್ಪಾಲಿನ ಮೇಲೆ ಹಳೆಯ ಕಂಬಳಿ ಹಾಸಿದರೂ ಸ್ಥಳೀಯ ಸ್ಪರ್ಧೆಗೆ ಸಾಕು. ಬಳಸಿದ ಎಂಜಿನ್ ಆಯಿಲ್ ಅಪಾಯಕಾರಿ ತ್ಯಾಜ್ಯ. ಮುಚ್ಚಳವಿರುವ ಕ್ಯಾನಿನಲ್ಲಿ ಹಿಡಿದು ಅಧಿಕೃತ ಸಂಗ್ರಹಕಾರರಿಗೆ ಕೊಡಬೇಕು. ಬೇಲಿ ಕಂಬಕ್ಕೆ ಬಳಿಯಲು ಯಾರಾದರೂ ಕೇಳುತ್ತಾರೆ, ಕೊಡಬೇಡಿ.

ಹೆಜ್ಜೆ 8: ಅರ್ಜಿಗಳು

ಕನಿಷ್ಠ ಎರಡು ತಿಂಗಳು ಮೊದಲೇ ಶುರು ಮಾಡಿ. ಅಧಿಕೃತ ಸ್ಪರ್ಧೆಯಾದರೆ ದೇಶದ ಮೋಟಾರ್ ಕ್ರೀಡಾ ಕ್ಲಬ್ಬುಗಳ ಒಕ್ಕೂಟ ಎಫ್‌ಎಂಎಸ್‌ಸಿಐ ಪರವಾನಗಿ. ಜಮೀನು ಮಾಲೀಕರ ಲಿಖಿತ ಒಪ್ಪಿಗೆ, ಸರ್ವೆ ನಂಬರ್ ಸಮೇತ. ಜಿಲ್ಲಾಧಿಕಾರಿ ಕಚೇರಿ, ಎಸ್‌ಪಿ ಕಚೇರಿಗೆ ಅರ್ಜಿ, ಅದರ ಪ್ರತಿ ಆರ್‌ಎಫ್‌ಒಗೆ. ನೂರಕ್ಕಿಂತ ಹೆಚ್ಚು ಜನ ಸೇರುವುದಾದರೆ ಮೂರು ಕೆಲಸದ ದಿನ ಮುಂಚೆ ಸ್ಥಳೀಯ ಸಂಸ್ಥೆಗೆ ತಿಳಿಸಿ ಕಸ ವಿಂಗಡಣೆಯ ಹೊಣೆ ಹೊರಬೇಕೆಂದು 2016ರ ಘನತ್ಯಾಜ್ಯ ನಿಯಮಗಳೇ ಹೇಳಿದ್ದವು. ಪಂಚಾಯಿತಿಗೆ ಪತ್ರ ಕೊಟ್ಟು ಮೊಹರು ಹಾಕಿಸಿಕೊಳ್ಳಿ. ಪ್ರತಿ ಅರ್ಜಿಗೂ ಟ್ರ್ಯಾಕಿನ ನಕ್ಷೆ, ಸರ್ವೆ ನಂಬರ್ ಪಟ್ಟಿ ಲಗತ್ತಿಸಿ. ಅಧಿಕಾರಿಗಳು ಮೊದಲು ಕೇಳುವುದು ಅದನ್ನೇ, ಹೆಜ್ಜೆ ಒಂದನ್ನು ಸರಿಯಾಗಿ ಮಾಡಿದ್ದರೆ ಅರ್ಧ ಗಂಟೆಯ ಕೆಲಸ.

ಹೆಜ್ಜೆ 9: ಮುಗಿದ ಮೇಲೆ

ಸ್ಪರ್ಧೆಗೆ ಮುಂಚೆ ಟ್ರ್ಯಾಕಿನ ತಿರುವು, ಏರು, ಹಳ್ಳದ ಅಂಚುಗಳ ಫೋಟೊ ತೆಗೆದಿಟ್ಟಿರಬೇಕು. ಮರುದಿನ ಅದೇ ಜಾಗದಲ್ಲಿ ನಿಂತು ಮತ್ತೆ ತೆಗೆಯಿರಿ. ಟೇಪು, ಬಾಣದ ಗುರುತು, ನೀರಿನ ಬಾಟಲಿ ಹೆಕ್ಕುವ ಕೆಲಸವನ್ನು ಅಂದಿನ ಸಂಜೆಗೇ ಮುಗಿಸಿ, ಮರುದಿನಕ್ಕೆ ಯಾರೂ ಉಳಿಯುವುದಿಲ್ಲ. ಚಕ್ರದ ಗೆರೆ ಬಿದ್ದ ಕಡೆ ಗುದ್ದಲಿಯಲ್ಲಿ ಮಣ್ಣೆಳೆದು ಸಮ ಮಾಡಿ, ಮೇಲೆ ತರಗೆಲೆ ಹರಡಿ.

ಪ್ರವೇಶ ಶುಲ್ಕದಲ್ಲಿ ಒಂದು ಪಾಲನ್ನು ಠೇವಣಿಯಾಗಿ ತೋಟದ ಮಾಲೀಕರ ಕೈಯಲ್ಲೇ ಇಡುವ ಪದ್ಧತಿ ಮಾಡಿಕೊಳ್ಳಿ. ಸ್ಪರ್ಧೆಯ ನಂತರ ಮೊದಲ ದೊಡ್ಡ ಮಳೆ ಬಂದು ಹೋದ ಮೇಲೆ ಕ್ಲಬ್ಬಿನ ಇಬ್ಬರು ಹೋಗಿ ಮಾಲೀಕರ ಜೊತೆ ಟ್ರ್ಯಾಕ್ ಪೂರ್ತಿ ನಡೆದು ನೋಡಬೇಕು. ನೀರು ಹೊಸ ದಾರಿ ಮಾಡಿಕೊಂಡಿದ್ದರೆ ಆ ಹಣದಲ್ಲಿ ಆಳಿಟ್ಟು ಸರಿ ಮಾಡಿಸಿ, ಉಳಿದದ್ದನ್ನು ವಾಪಸ್ ತನ್ನಿ.